ಸೊಸೆಯ ಪಾಲಿನ ಪ್ರಾರ್ಥನೆ

ಅವಳಿಗೆ ಆಸ್ಪತ್ರೆಯ ಬಟ್ಟೆಕೋಣೆಯಲ್ಲಿ ಕೆಲಸ. ಹರಿದ ಹೊದಿಕೆ, ದಿಂಬಿನ ಚೀಲಗಳಿಗೆಲ್ಲ ಹೊಲಿಗೆ ಹಾಕುವುದು. ಮನೆಯಲ್ಲಿ ರಾತ್ರಿಯೂಟಕ್ಕೆ ಮುಂಚೆ ಪ್ರಾರ್ಥನೆ ತಪ್ಪುತ್ತಿರಲಿಲ್ಲ. ಅದರ ಯಜಮಾನಿಕೆ ಅತ್ತೆಯದು. ಅತ್ತೆ ದೇವರ ಹತ್ತಿರ ಪಕ್ಕದ ಮನೆಯವರ ಜೊತೆ ಮಾತಾಡಿದ ಹಾಗೆ ಮಾತಾಡುತ್ತಿದ್ದರು. ನಲ್ಲಿ ಸೋರುವುದರಿಂದ ಹಿಡಿದು ಮಗನ ಗೊರಕೆಯವರೆಗೆ ಎಲ್ಲ ಒಪ್ಪಿಸುವಷ್ಟರಲ್ಲಿ ಮಗ ಕೂತಲ್ಲೇ ತೂಕಡಿಸುತ್ತಿದ್ದ.

ಅವಳ ಮೊದಲ ಮಗು ಹುಟ್ಟಿದಾಗ ಉಸಿರಿರಲಿಲ್ಲ. ಚರ್ಚಿನವರು ಬಂದು ಕೈ ಹಿಡಿದು, 'ದೇವರ ಚಿತ್ತ' ಅಂದರು. ಒಬ್ಬಾಕೆ, 'ಇನ್ನೂ ಗಟ್ಟಿಯಾಗಿ ನಂಬಬೇಕಿತ್ತಮ್ಮ' ಅಂತ ಹೇಳಿ ಹೋದಳು. ಆ ಮಾತು ಮುಳ್ಳಿನ ಹಾಗೆ ಎದೆಯಲ್ಲಿ ಕೂತುಬಿಟ್ಟಿತು. ಬಸುರಿಯಾದಾಗಿನಿಂದ ಹೊಟ್ಟೆಯ ಮೇಲೆ ಕೈಯಿಟ್ಟು ದಿನವೂ ಬೇಡಿಕೊಂಡವಳು ಅವಳು. ಇನ್ನೆಷ್ಟು ಗಟ್ಟಿಯಾಗಬೇಕಿತ್ತು?

ಒಂದು ಸಂಜೆ ಊಟದ ಮೇಜಿನ ಮುಂದೆ ಎಲ್ಲರೂ ಕಣ್ಣು ಮುಚ್ಚಿದರೂ ಅವಳು ಮುಚ್ಚಲಿಲ್ಲ.

'ಅತ್ತೆ, ನನ್ನ ಕೈಲಿ ಆಗ್ತಿಲ್ಲ. ಆ ಕಡೆ ಕೇಳೋರು ಯಾರಾದ್ರೂ ಇದಾರೆ ಅಂತ ಅನ್ನಿಸ್ತಾನೇ ಇಲ್ಲ.'

ಅತ್ತೆ ಕೂಗಾಡಬಹುದು ಅಂದುಕೊಂಡಿದ್ದಳು. ಅವರು ಅವಳ ಕಡೆ ನೀರಿನ ಲೋಟ ಸರಿಸಿ, 'ಆಗದಿದ್ರೆ ಬಿಡು. ನಿನ್ನ ಪಾಲಿಂದೂ ನಾನೇ ಮಾಡ್ತೀನಿ. ಹೇಗಿದ್ರೂ ನಂಗೆ ಮಾತು ಜಾಸ್ತಿ' ಅಂದರು.

ಪಾತ್ರೆ ತೊಳೆಯುವಾಗ ಪಕ್ಕಕ್ಕೆ ಬಂದು ನಿಂತರು. 'ನಿಮ್ಮ ಮಾವ ಹೋದಾಗ ನಾನೂ ಹೀಗೇ ಆಗಿದ್ದೆ. ಚರ್ಚಿಗೆ ಹೋಗಿ ಕಲ್ಲಿನ ಹಾಗೆ ಕೂತು ಬರ್ತಿದ್ದೆ. ಹಾಡೋರು ಹಾಡಲಿ, ಕಿವಿಗಾದ್ರೂ ಬೀಳಲಿ ಅಂತ.'

'ಮತ್ತೆ ನಂಬಿಕೆ ಹೇಗೆ ಬಂತು?'

'ಯಾವತ್ತು ಬಂತೋ ಗೊತ್ತಿಲ್ಲ ಕಣೇ. ಒಂದಿನ ನೋಡಿದ್ರೆ ದೇವರ ಮೇಲೆ ರೇಗ್ತಾ ಇದ್ದೆ. ಇಲ್ಲದವರ ಮೇಲೆ ಯಾರಾದ್ರೂ ರೇಗ್ತಾರಾ?'

ಸೊಸೆಗೆ ನಗು ಬಂತು, ಅದರ ಬೆನ್ನಿಗೇ ಅಳು. ಮಗು ಹೋದ ಮೇಲೆ ಹಾಗೆ ಬಾಯಿಬಿಟ್ಟು ಅತ್ತಿದ್ದು ಅದೇ ಮೊದಲು. ಅತ್ತೆ ಒದ್ದೆ ಕೈಯಲ್ಲೇ ಅವಳನ್ನು ತಬ್ಬಿಕೊಂಡರು.

ಚಳಿಗಾಲ ಶುರುವಾದಾಗ ನರ್ಸ್ ಒಬ್ಬಳು ಬಟ್ಟೆಕೋಣೆಗೆ ಬಂದು, ಉಸಿರಿಲ್ಲದೆ ಹುಟ್ಟಿದ ಮಗುವಿಗೆ ಸುತ್ತಲು ಒಂದು ತುಂಡು ಬಟ್ಟೆ ಕೇಳಿದಳು. ಸೊಸೆ ತೊಳೆದು ತೊಳೆದು ಮೆತ್ತಗಾದ ಹೊದಿಕೆಯೊಂದನ್ನು ಆರಿಸಿ, ಕತ್ತರಿಸಿ, ಅಂಚು ಮಡಿಚಿ ಹೊಲಿದು ತಾನೇ ಒಯ್ದಳು. ಆ ಮಗುವಿನ ತಾಯಿಯ ಪಕ್ಕದಲ್ಲಿ ಕೂತಳು.

'ನಾನು ಸರಿಯಾಗಿ ಬೇಡ್ಕೊಳ್ಳಲಿಲ್ವೇನೋ ಅಕ್ಕ' ಅಂದಳು ಆಕೆ.

'ಇಲ್ಲಮ್ಮ, ನಿಂದೇನೂ ತಪ್ಪಿಲ್ಲ.'

ಹೇಳಿದ ಮೇಲೆ ಆ ಮಾತು ತನ್ನ ಕಿವಿಗೂ ಬಿತ್ತು. ಎದೆಯ ಭಾರ ಒಂದಿಷ್ಟು ಇಳಿದ ಹಾಗಾಯಿತು.

ಆಮೇಲೆ ಅಂಥ ದಿನಗಳಲ್ಲೆಲ್ಲ ನರ್ಸುಗಳು ಅವಳನ್ನೇ ಕರೆಯತೊಡಗಿದರು. ಸಂಶಯ ಪೂರ್ತಿ ಹೋಯಿತು ಅಂತೇನಿಲ್ಲ; ಈಗಲೂ ಆಗಾಗ ಬಂದು ಹೋಗುತ್ತದೆ. ಆದರೆ ಆಸ್ಪತ್ರೆಯಿಂದ ಮನೆಗೆ ನಡೆದು ಬರುವಾಗ ಒಮ್ಮೊಮ್ಮೆ ಅವಳ ತುಟಿ ತಾನಾಗಿ ಅಲುಗುತ್ತದೆ. ಕೇಳಿಕೊಳ್ಳುವುದು ಏನೂ ಇರುವುದಿಲ್ಲ. ಇಂಥ ಅತ್ತೆಯನ್ನು ಕೊಟ್ಟಿದ್ದಕ್ಕೆ ಒಂದು ವಂದನೆ, ಅಷ್ಟೆ.