ಅಕ್ಕ ಬಿಸಾಡದ ಸೋರೆಕಾಯಿ

ಆ ಕಚೇರಿ ಕಟ್ಟಡದಲ್ಲಿ ಎಲ್ಲರೂ ಅವನನ್ನು ಲಿಫ್ಟಣ್ಣ ಎಂದೇ ಕರೆಯುತ್ತಿದ್ದರು. ಬೆಳಗ್ಗೆಯಿಂದ ಸಂಜೆಯವರೆಗೆ ಸ್ಟೂಲಿನ ಮೇಲೆ ಕೂತು, ಗುಂಡಿ ಒತ್ತಿ, ಜನರನ್ನು ಮೇಲಕ್ಕೂ ಕೆಳಕ್ಕೂ ಸಾಗಿಸುವುದು ಅವನ ಕೆಲಸ. ಗುಂಡಿ ಒತ್ತಲು ಯಾರಾದರೇನು ಎಂದು ಹೊಸಬರು ಅಂದುಕೊಳ್ಳುತ್ತಿದ್ದರು. ಆದರೆ ಲಿಫ್ಟು ಹಳೆಯದು. ನಾಲ್ಕನೇ ಮಹಡಿಯಲ್ಲಿ ಬಾಗಿಲಿಗೆ ಅಂಗೈಯಿಂದ ಒಂದು ಪೆಟ್ಟು ಬೀಳದಿದ್ದರೆ ಅದು ತೆರೆಯುತ್ತಿರಲಿಲ್ಲ. ಆ ಪೆಟ್ಟು ಎಲ್ಲಿ ಬೀಳಬೇಕು ಎಂಬುದು ಅವನ ಕೈಗೆ ಮಾತ್ರ ಗೊತ್ತಿತ್ತು. ಕಿಟಕಿಯಿಲ್ಲದ ಆ ಡಬ್ಬಿಯಲ್ಲಿ ದಿನವಿಡೀ ಕೂರುವವನಿಗೆ ಆಕಾಶ ಕಾಣುವುದು ಸಂಜೆ ಮನೆಗೆ ಹೋಗಿ ತಾರಸಿ ಹತ್ತಿದಾಗಲೇ. ಅದಕ್ಕೇ ಇವರಿಗೆ ತಾರಸಿಯ ಹುಚ್ಚು ಹಿಡಿದಿರುವುದು ಎಂದು ಅವನ ಹೆಂಡತಿ ನೆಂಟರ ಮುಂದೆಲ್ಲ ಹೇಳುತ್ತಿದ್ದಳು.

ತಾರಸಿಯಲ್ಲಿ ಖಾಲಿ ಪೇಂಟ್ ಡಬ್ಬಗಳಿದ್ದವು, ಹಿಡಿ ಮುರಿದ ಬಕೆಟ್ಟುಗಳಿದ್ದವು, ಯಾರೋ ಮನೆ ರಿಪೇರಿ ಮಾಡಿಸುವಾಗ ಬೀದಿಗೆ ಎಸೆದ ಸ್ನಾನದ ತೊಟ್ಟಿಯೊಂದಿತ್ತು. ಡಬ್ಬಗಳಲ್ಲಿ ಟೊಮೆಟೊ, ಬಕೆಟ್ಟುಗಳಲ್ಲಿ ಮೆಣಸಿನ ಗಿಡ, ತೊಟ್ಟಿಯಲ್ಲಿ ಸೋರೆ. ಸೋರೆಯ ಬೀಜ ಅಂಗಡಿಯದಲ್ಲ. ಹಿಂದಿನ ಬೇಸಿಗೆಯಲ್ಲಿ ತಾನೇ ಬೆಳೆದ ಬಳ್ಳಿಯಲ್ಲಿ ಒಂದು ಕಾಯಿಯನ್ನು ಕೀಳದೆ ಬಲಿಯಲು ಬಿಟ್ಟು, ಒಣಗಿಸಿ, ಒಡೆದು ತೆಗೆದ ಬೀಜ. ‘ಇದು ನಮ್ಮ ಮನೆ ಬೀಜ’ ಎಂದು ಹೇಳುವಾಗ ಅವನ ದನಿಯಲ್ಲಿ ಮಗಳನ್ನು ಓದಿಸಿದ ತಂದೆಯ ಜಂಬವಿರುತ್ತಿತ್ತು.

ಆ ಬೇಸಿಗೆ ಸುಲಭದ್ದಾಗಿರಲಿಲ್ಲ. ಮೊದಲಿಗೆ ಟೊಮೆಟೊ ಎಲೆಗಳು ಮುದುಡಿಕೊಂಡವು. ಮೆಣಸಿನ ಗಿಡಕ್ಕೆ ಬಿಳಿ ಹುಳು ಬಿತ್ತು. ಅಕ್ಕಿ ತೊಳೆದ ನೀರು, ಪಾತ್ರೆ ತೊಳೆದ ಕೊನೆಯ ನೀರು, ಯಾವುದನ್ನೂ ಅವನು ಮೋರಿಗೆ ಬಿಡಲಿಲ್ಲ. ಬಕೆಟ್ಟಿನಲ್ಲಿ ಹೊತ್ತು ಮೆಟ್ಟಿಲು ಹತ್ತಿದ. ‘ಇಡೀ ದಿನ ಲಿಫ್ಟಲ್ಲಿ ಕೂತಿದ್ದಕ್ಕೆ ಸಂಜೆ ಶಿಕ್ಷೆ’ ಎಂದು ಹೆಂಡತಿ ನಗುತ್ತಿದ್ದಳು. ಸೋರೆ ಬಳ್ಳಿ ಮಾತ್ರ ತಂತಿ ಹಿಡಿದು ಚಪ್ಪರದ ತುಂಬ ಹಬ್ಬಿತು. ಆದರೆ ಹೂ ಬಿಟ್ಟದ್ದೆಲ್ಲ ಉದುರುತ್ತಿತ್ತು. ಹೀಚು ಹೆಬ್ಬೆರಳಿನಷ್ಟಾಗುವ ಮೊದಲೇ ಹಳದಿಯಾಗಿ ಬೀಳುತ್ತಿತ್ತು. ಕೊನೆಗೆ ಲಿಫ್ಟಿನಲ್ಲೇ ಯಾರೋ ದಾರಿ ಹೇಳಿದರು. ಸೋರೆಯ ಬಿಳಿ ಹೂವು ಅರಳುವುದು ಸಂಜೆ. ಆಗ ಗಂಡು ಹೂವನ್ನು ಕಿತ್ತು ಹೆಣ್ಣು ಹೂವಿಗೆ ಮೆಲ್ಲಗೆ ಒರೆಸಬೇಕು. ಅವನು ಹಾಗೇ ಮಾಡಿದ. ಸಂಜೆ ಬೆಳಕಿನಲ್ಲಿ, ಸಮವಸ್ತ್ರವನ್ನೂ ಬಿಚ್ಚದೆ, ಹೂವಿನಿಂದ ಹೂವಿಗೆ ಓಡಾಡುವ ಗಂಡನನ್ನು ನೋಡಿ ಹೆಂಡತಿ, ಮದುವೆ ದಲ್ಲಾಳಿ ಕೆಲಸ ಯಾವಾಗ ಶುರು ಮಾಡಿದಿರಿ ಎಂದು ಕೇಳಿದಳು.

ಹೀಚುಗಳು ನಿಂತವು. ತೋಳಿನ ಗಾತ್ರಕ್ಕೆ ಬೆಳೆದವು. ಲಿಫ್ಟಣ್ಣನ ಬಾಯಿಗೆ ಬೀಗ ಇಲ್ಲದಂತಾಯಿತು. ನೆಲಮಹಡಿಯಿಂದ ಮೇಲಿನವರೆಗೆ ಯಾರು ಹತ್ತಿದರೂ ಸೋರೆಯ ಸುದ್ದಿ. ಯಾರಾದರೂ ಎರಡನೇ ಮಹಡಿಯಲ್ಲೇ ಇಳಿಯಬೇಕಾದವರಾದರೆ ಪಾರಾಗುತ್ತಿದ್ದರು.

ಮೊದಲ ಕಾಯಿಯನ್ನು ಕಿತ್ತ ದಿನ ಅದರ ತುದಿಯಲ್ಲಿ ಅಳಿಲು ಹಲ್ಲು ಹಾಕಿದ ಗುರುತಿತ್ತು. ಕಚ್ಚಿ ನೋಡಿ ಬಿಟ್ಟಿತ್ತು, ಮುಂದೆ ತಿಂದಿರಲಿಲ್ಲ. ಅವನು ಆ ಭಾಗ ಕತ್ತರಿಸಿ ಹೆಂಡತಿಗೆ ಕೊಟ್ಟ. ಅವಳು ಒಲೆಯ ಮೇಲಿಂದಲೇ ಒಂದು ಚೂರು ಚಮಚದಲ್ಲಿ ಬಾಯಿಗಿಟ್ಟುಕೊಂಡವಳು ಓಡಿಹೋಗಿ ಉಗಿದು ಬಂದಳು.

‘ಕಹಿ ಅಂದ್ರೆ ಇಂಥಾ ಕಹೀನೇನ್ರೀ! ನೀವೂ ನೋಡಿ.’

ಅವನೂ ನಾಲಿಗೆಗೆ ತಾಗಿಸಿದ. ಗಂಟಲವರೆಗೂ ಇಳಿಯಿತು ಕಹಿ. ಬಾಯಿ ತೊಳೆದು ಬಂದು, ಬಿಸಿಲಿಗೆ ಹಾಗಾಗಿರುತ್ತದೆ, ನಡುವೆ ನೀರು ಕಮ್ಮಿ ಬಿದ್ದಿತ್ತು ಎಂದ. ಹೆಂಡತಿ ಪಾತ್ರೆಯನ್ನೇ ಸುರಿದಳು. ಬೇರೆ ಕಾಯಿ ಯಾರಿಗಾದರೂ ಕೊಡುವುದಿದ್ದರೆ ಮೊದಲು ಚೂರು ತಿಂದು ನೋಡಿ ಕೊಡಿ ಎಂದು ಹೇಳಿದಳು. ಅವನು ಹೂಂ ಎಂದ.

ಹೂಂ ಎಂದದ್ದೇ ಬಂತು. ತಿಂದು ನೋಡಬೇಕಾದರೆ ಕಾಯಿಯನ್ನು ಕತ್ತರಿಸಬೇಕು. ಕತ್ತರಿಸಿದ ಕಾಯಿಯನ್ನು ಒಬ್ಬರಿಗೆ ಕೊಡುವುದು ಹೇಗೆ? ತೊಟ್ಟು, ಒಂದು ಎಲೆ ಸಮೇತ ಇಡೀ ಕಾಯಿಯನ್ನು ಕೂಸಿನಂತೆ ತೋಳಲ್ಲಿಟ್ಟುಕೊಂಡು ಬೀದಿಯಲ್ಲಿ ನಡೆಯುವ ಸುಖಕ್ಕಾಗಿಯೇ ಅವನು ಬೇಸಿಗೆಯಿಡೀ ನೀರು ಹೊತ್ತಿದ್ದು. ಒಂದು ಕಾಯಿ ಕಹಿಯಾದರೆ ಬಳ್ಳಿಯೆಲ್ಲ ಕಹಿಯಾಗಬೇಕೆಂದೇನಿದೆ ಎಂದು ತನಗೆ ತಾನೇ ಹೇಳಿಕೊಂಡ. ಕಾಯಿ ಕೊಡುತ್ತೇನೆಂದು ಮೂವರಿಗೆ ಮಾತು ಕೊಟ್ಟೂ ಆಗಿತ್ತು. ಒಂದನ್ನು ಕೆಳಗಿನ ಮನೆಯ ಯಜಮಾನರಿಗೆ ಕೊಟ್ಟ. ಇನ್ನೊಂದನ್ನು ಬೀದಿ ಮೂಲೆಯಲ್ಲಿ ಕರಿದ ತಿಂಡಿಯ ಗಾಡಿ ಇಟ್ಟುಕೊಂಡಿದ್ದ ಹೆಂಗಸಿಗೆ ಕೊಟ್ಟ. ಅವಳನ್ನು ಊರೆಲ್ಲ ಬಾಣಲೆಯಮ್ಮ ಎಂದೇ ಕರೆಯುತ್ತಿತ್ತು. ಎಲ್ಲಕ್ಕಿಂತ ದೊಡ್ಡದನ್ನು ಅಕ್ಕನಿಗೆ ಕೊಟ್ಟ.

ಅಕ್ಕನ ವಿಷಯ ಹೇಳಬೇಕು. ತಾಯಿ ಹೋದಾಗ ಅವನಿನ್ನೂ ಅಂಗಿ ಗುಂಡಿ ಹಾಕಿಕೊಳ್ಳಲು ಬಾರದ ಹುಡುಗ. ಅಕ್ಕ ಬಿಸ್ಕತ್ತು ಪ್ಯಾಕ್ ಮಾಡುವ ಕಾರ್ಖಾನೆಗೆ ಸೇರಿ ಅವನನ್ನು ಸಾಕಿದಳು. ಒಮ್ಮೆ ಅವಳು ಜ್ವರದಲ್ಲಿ ಮಲಗಿದ್ದಾಗ ಅವನೇ ಒಲೆ ಹಚ್ಚಿ ಅನ್ನ ಮಾಡಿದ. ಉಪ್ಪಿನ ಡಬ್ಬವೇ ಕೈಜಾರಿತ್ತು. ಅವಳು ತಟ್ಟೆಯಲ್ಲಿ ಒಂದು ಅಗುಳೂ ಬಿಡದೆ ಉಂಡು, ಆಮೇಲೆ ಚೊಂಬುಗಟ್ಟಲೆ ನೀರು ಕುಡಿದಿದ್ದಳು. ತಮ್ಮ ಕೊಟ್ಟದ್ದನ್ನು ಬಿಸಾಡುವುದು ಅವಳಿಗೆ ಗೊತ್ತಿರಲಿಲ್ಲ. ಇದು ಅವನಿಗೂ ಗೊತ್ತಿತ್ತು. ಆದರೂ ಕೊಟ್ಟ.

ಮಾರನೆಯ ದಿನ ಅವನು ಲಿಫ್ಟಿನಲ್ಲಿದ್ದಾಗ ಕಾವಲುಗಾರ ಕೂಗಿದ. ಅಕ್ಕನ ಮಗ ಫೋನ್ ಮಾಡಿದ್ದ: ಅಮ್ಮನಿಗೆ ವಾಂತಿ ನಿಲ್ಲುತ್ತಿಲ್ಲ, ಆಸ್ಪತ್ರೆಗೆ ಸೇರಿಸಿದ್ದೇನೆ, ಬನ್ನಿ.

ಅಕ್ಕ ಮಂಚದ ಮೇಲೆ ಒದ್ದೆ ಬಟ್ಟೆಯಂತೆ ಬಿದ್ದಿದ್ದಳು. ಕೈಗೆ ಡ್ರಿಪ್ ಹಾಕಿದ್ದರು. ತುಟಿ ಬೆಳ್ಳಗಾಗಿತ್ತು. ಅವಳ ಮಗ ಬಾಗಿಲ ಬಳಿ ಕೈಕಟ್ಟಿ ನಿಂತಿದ್ದ. ವೈದ್ಯೆ ಬಂದು, ರಕ್ತದ ಒತ್ತಡ ತುಂಬಾ ಇಳಿದಿದೆ, ವಾಂತಿಯಲ್ಲಿ ರಕ್ತವೂ ಬಂದಿದೆ, ಏನು ತಿಂದಿರಿ ಎಂದು ಕೇಳಿದರು.

ಅಕ್ಕ ಕಣ್ಣು ತೆರೆದು ತಮ್ಮನ ಮುಖ ನೋಡಿದಳು. ಒಂದು ಕ್ಷಣ ಅಷ್ಟೇ. ಆಮೇಲೆ ಹೇಳಿದಳು.

‘ಹೊರಗಡೆ ತಿಂಡಿ ತಿಂದೆ ಡಾಕ್ಟ್ರೇ. ಗಾಡೀಲಿ.’

‘ಬಾಣಲೆಯಮ್ಮನ ಗಾಡೀದಾ?’ ಎಂದು ಮಗ ಕೇಳಿದ. ಅಕ್ಕ ಮುಖವನ್ನು ಗೋಡೆಗೆ ತಿರುಗಿಸಿದಳು.

ವೈದ್ಯೆಗೆ ಸಮಾಧಾನವಾಗಲಿಲ್ಲ. ಹಳಸಿದ ತಿಂಡಿಯಿಂದ ಇಷ್ಟು ಜೋರಾಗಿ ಆಗುವುದು ಕಡಿಮೆ, ಬೇರೇನಾದರೂ ತಿಂದದ್ದು ಗೊತ್ತಿದ್ದರೆ ಮನೆಯವರು ಹೇಳಿ, ಔಷಧ ಕೊಡುವುದಕ್ಕೆ ನಮಗೆ ಅದು ಬೇಕು ಎಂದರು. ಮನೆಯವರು ಎಂದಾಗ ಅವರು ನೋಡಿದ್ದು ಲಿಫ್ಟಣ್ಣನನ್ನೇ. ಅವನ ನಾಲಿಗೆಯ ಮೇಲೆ ಮೊನ್ನೆಯ ಕಹಿ ಮತ್ತೆ ಬಂದು ಕೂತಿತು. ಅವನು ತಲೆ ತಗ್ಗಿಸಿದ. ಗೊತ್ತಿಲ್ಲ ಎನ್ನಲಿಲ್ಲ, ಗೊತ್ತು ಎಂದೂ ಅನ್ನಲಿಲ್ಲ. ವೈದ್ಯೆ ಮುಂದಿನ ಮಂಚಕ್ಕೆ ಹೋದರು.

ಅಕ್ಕನ ಬಟ್ಟೆ ತರುತ್ತೇನೆಂದು ಹೇಳಿ ಅವನು ಅಲ್ಲಿಂದ ಜಾರಿಕೊಂಡ. ಅವಳ ಅಡುಗೆಮನೆಯಲ್ಲಿ ಎಲ್ಲವೂ ಇದ್ದ ಹಾಗೇ ಇತ್ತು. ಕಸದ ಬುಟ್ಟಿಯಲ್ಲಿ ಸೋರೆಯ ಸಿಪ್ಪೆ. ಒಲೆಯ ಮೇಲೆ ಸೌಟಿನಿಂದ ಕೆರೆದು ಖಾಲಿ ಮಾಡಿದ ಪಾತ್ರೆ. ಪಕ್ಕದಲ್ಲಿ ಮುಚ್ಚಳ ತೆರೆದ ಸಕ್ಕರೆ ಡಬ್ಬ. ಕಹಿ ಮರೆಸಲು ಸಕ್ಕರೆ ಹಾಕಿಕೊಂಡು ತಿಂದಿದ್ದಳು. ಮಗನಿಗೆ ಬೇರೆ ಅಡುಗೆ ಮಾಡಿದ್ದಳೆಂಬುದಕ್ಕೆ ಇನ್ನೊಂದು ಪಾತ್ರೆ ಸಾಕ್ಷಿಯಾಗಿತ್ತು. ಅವನಿಗೆ ಕೊಡದೆ ಎಲ್ಲವನ್ನೂ ತಾನೇ ಮುಗಿಸಿದ್ದಳು. ಲಿಫ್ಟಣ್ಣ ಸಕ್ಕರೆ ಡಬ್ಬದ ಮುಚ್ಚಳ ಹಾಕಿದ.

ಆಗಲೂ ಅವನಿಗೆ ಹೊಳೆದದ್ದು ನಿಜ ಹೇಳಬೇಕೆಂದಲ್ಲ; ಉಳಿದ ಎರಡು ಕಾಯಿಗಳನ್ನು ಸದ್ದಿಲ್ಲದೆ ವಾಪಸು ತರಬೇಕೆಂದು. ಕೆಳಗಿನ ಮನೆಯ ಯಜಮಾನರ ಬಳಿ ಹೋಗಿ, ಬೀಜಕ್ಕೆ ಬೇಕಿತ್ತು, ಬೇರೆ ಕೊಡುತ್ತೇನೆ ಎಂದ. ಕೊಟ್ಟು ಕಿತ್ತುಕೊಳ್ಳುವ ದಾನಶೂರನನ್ನು ಇವತ್ತೇ ನೋಡಿದ್ದು ಎಂದು ನಗುತ್ತ ಅವರು ಇಡೀ ಕಾಯಿಯನ್ನು ಹಿಂದಕ್ಕೆ ಕೊಟ್ಟರು. ಅದನ್ನು ಚೀಲದಲ್ಲಿ ಹಾಕಿಕೊಂಡು ಅವನು ಮೂಲೆಯ ಗಾಡಿಗೆ ಬಂದ.

ಬಾಣಲೆಯಮ್ಮ ಎಣ್ಣೆಗೆ ಹಿಟ್ಟು ಬಿಡುತ್ತಿದ್ದಳು. ಅವನು ಅದೇ ಬೀಜದ ಕಥೆ ಶುರು ಮಾಡಿದ. ಅವಳು ಜಾಲರಿ ಸೌಟಿನಿಂದ ಕೈ ಎತ್ತಲಿಲ್ಲ.

‘ಅದನ್ನ ಆವತ್ತೇ ಎಸೆದೆ ಅಣ್ಣ. ಹೆಚ್ಚುವಾಗ ಚೂರು ನಾಲಿಗೆಗಿಟ್ಟೆ, ವಿಷ ಇದ್ದಂಗಿತ್ತು. ನೀವು ಅಷ್ಟು ಆಸೆಯಿಂದ ತಂದುಕೊಟ್ಟಿದ್ರಿ, ಬೇಜಾರಾಗುತ್ತೆ ಅಂತ ಹೇಳ್ಲಿಲ್ಲ. ಯಾಕೆ, ನೀವು ತಿಂದು ನೋಡಿರಲಿಲ್ವಾ?’

ಅವನು ಉತ್ತರ ಹುಡುಕುವಷ್ಟರಲ್ಲಿ ಅಕ್ಕನ ಮಗನ ಬೈಕು ಬಂದು ಗಾಡಿಗೆ ತಾಗುವಂತೆ ನಿಂತಿತು. ಅವನು ಇಳಿದವನೇ ಒಲೆ ಆರಿಸಿದ. ನಿನ್ನ ಕೊಳಕು ಎಣ್ಣೆ ತಿಂದು ನಮ್ಮಮ್ಮ ಸಾಯುವ ಸ್ಥಿತಿಯಲ್ಲಿದ್ದಾಳೆ, ನಾಳೆಯಿಂದ ಈ ಬೀದಿಯಲ್ಲಿ ನಿನ್ನ ಗಾಡಿ ನಿಲ್ಲಲಿ ನೋಡುತ್ತೇನೆ ಎಂದು ಕೂಗಾಡಿದ. ತಿನ್ನುತ್ತಿದ್ದವರು ಕೈಯಲ್ಲಿದ್ದ ಪೊಟ್ಟಣಗಳನ್ನು ಅನುಮಾನದಿಂದ ನೋಡಿಕೊಂಡರು. ಒಬ್ಬ ಅರ್ಧ ತಿಂದದ್ದನ್ನು ಗಾಡಿಯ ಮೇಲೇ ಇಟ್ಟ.

ಬಾಣಲೆಯಮ್ಮ ದನಿ ಏರಿಸಲಿಲ್ಲ.

‘ನಿಮ್ಮಮ್ಮ ಕರಿದದ್ದು ಬಿಟ್ಟು ಎಷ್ಟು ಕಾಲ ಆಯ್ತಪ್ಪ. ದಿನಾ ಈ ಕಡೆಯಿಂದ ಹೋಗ್ತಾರೆ, ಮಾತಾಡಿಸ್ತಾರೆ, ತಿನ್ನಲ್ಲ.’

ಇಷ್ಟು ಹೇಳಿ ಅವಳು ಲಿಫ್ಟಣ್ಣನ ಚೀಲದತ್ತ ನೋಡಿದಳು. ಸೋರೆಯ ತೊಟ್ಟು ಹೊರಗೆ ಇಣುಕುತ್ತಿತ್ತು. ಅವಳಿಗೆ ಅರ್ಥವಾಗಿತ್ತು, ಅದು ಅವಳ ಮುಖದಲ್ಲೇ ಕಂಡಿತು. ಒಂದು ಮಾತು ಆಡಿದ್ದರೆ ಸಾಕಿತ್ತು, ಅವಳ ಒಲೆ ಮತ್ತೆ ಉರಿಯುತ್ತಿತ್ತು. ಅವಳು ಆಡಲಿಲ್ಲ. ಆರಿದ ಒಲೆಯ ಮೇಲೆ ಅರೆಬೆಂದು ತೇಲುತ್ತಿದ್ದ ತಿಂಡಿಯನ್ನು ಒಂದೊಂದಾಗಿ ಎತ್ತಿ ಪಕ್ಕಕ್ಕಿಟ್ಟಳು.

ಆಸ್ಪತ್ರೆಯಲ್ಲಿ ಅಕ್ಕ ಮುಚ್ಚಿಟ್ಟಳು, ಇಲ್ಲಿ ಇವಳು ಮುಚ್ಚಿಡುತ್ತಿದ್ದಾಳೆ. ಇಬ್ಬರು ಹೆಂಗಸರ ಸೆರಗಿನ ಹಿಂದೆ ಅಡಗಿ ನಿಂತ ಹಾಗೆ ಅನ್ನಿಸಿತು ಅವನಿಗೆ.

‘ಗಾಡೀದಲ್ಲ ಕಣೋ,’ ಎಂದ. ದನಿ ಅವನಿಗೇ ಕೇಳಿಸಲಿಲ್ಲ. ಮತ್ತೊಮ್ಮೆ ಹೇಳಿದ. ‘ಗಾಡೀದಲ್ಲ. ನಾನು ಕೊಟ್ಟ ಸೋರೆಕಾಯಿ. ಅದು ಕಹಿ ಇತ್ತು. ಕಹಿ ಇರಬಹುದು ಅಂತ ನನಗೆ ಗೊತ್ತಿತ್ತು.’

ಅಕ್ಕನ ಮಗ ಅವನ ಕಡೆ ತಿರುಗಿದ.

‘ಡಾಕ್ಟ್ರು ಕೇಳಿದಾಗ ಪಕ್ಕದಲ್ಲೇ ನಿಂತಿದ್ರಲ್ಲ ಮಾವ?’

ಹುಡುಗ ಒಲೆ ಹಚ್ಚಿ ಕೊಡಲು ಕೈ ಚಾಚಿದ. ಬಾಣಲೆಯಮ್ಮ, ಬೇಡ ಬಿಡು, ಮೊದಲು ಆಸ್ಪತ್ರೆಗೆ ಹೋಗಿ ಎಂದಳು. ಬೈಕಿನ ಹಿಂದೆ ಕೂತ ಲಿಫ್ಟಣ್ಣ ಚೀಲವನ್ನು ತೊಡೆಯ ಮೇಲಿಟ್ಟುಕೊಂಡಿದ್ದ.

ವೈದ್ಯೆ ಕಾಯಿಯನ್ನು ಕೈಗೆತ್ತಿಕೊಂಡು, ಕಹಿ ಸೋರೆಯಲ್ಲಿ ವಿಷವಿರುತ್ತದೆ, ಇಂಥ ಒಂದು ಪ್ರಕರಣ ಮೊದಲೂ ನೋಡಿದ್ದೇನೆ, ಬೆಳಗ್ಗೆಯೇ ಹೇಳಬೇಕಿತ್ತು ಎಂದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಅಕ್ಕನನ್ನು ಬೇರೆ ಕೋಣೆಗೆ ಸಾಗಿಸಿ, ಔಷಧ ಬದಲಿಸಿ, ಹತ್ತಿರವೇ ಒಬ್ಬ ನರ್ಸನ್ನು ಕೂರಿಸಿದರು. ಅಪಾಯ ಕಳೆಯಿತು ಎನ್ನುವವರೆಗೆ ಅವನು ಆ ಕೋಣೆಯ ಹೊರಗಿನ ಬೆಂಚಿನಲ್ಲೇ ಇದ್ದ. ಒಳಗೆ ಬಿಟ್ಟಾಗ ಅಕ್ಕ ಅವನ ಮೇಲೆ ಸಿಟ್ಟಾದಳು.

‘ಹೇಳು ಅಂತ ನಿನಗೆ ಯಾರು ಹೇಳಿದ್ರು? ನಾನು ಹೇಗೋ ಸುಧಾರಿಸ್ಕೊತಿದ್ದೆ.’

‘ಅಷ್ಟು ಕಹಿ ಇತ್ತಲ್ಲ ಅಕ್ಕ. ಯಾಕೆ ತಿಂದೆ?’

‘ನೀನು ಮಗು ಥರ ಎತ್ಕೊಂಡು ಬಂದಿದ್ದೆ. ಬಿಸಾಡೋಕೆ ಮನಸ್ಸು ಬರಲಿಲ್ಲ ಕಣೋ.’

ಮನೆಗೆ ಬಂದವನೇ ಬಳ್ಳಿಯನ್ನು ಬುಡಸಮೇತ ಕಿತ್ತ. ಅಂದಿನ ಸಂಜೆಯ ಹೂವುಗಳು ಇನ್ನೂ ಅರಳಿಯೇ ಇದ್ದವು. ಆಮೇಲೆ ಬೀಜದಂಗಡಿಯವನು ಕಾರಣ ತಿಳಿಸಿದ. ಹಿಂದಿನ ಬೇಸಿಗೆಯಲ್ಲಿ ಅದೇ ಚಪ್ಪರಕ್ಕೆ ಚೆಂದಕ್ಕೆಂದು ಲಿಫ್ಟಣ್ಣ ಹೂಜಿಯಾಕಾರದ ಸೋರೆಯನ್ನೂ ಹಬ್ಬಿಸಿದ್ದ; ಅದು ತಿನ್ನುವ ಜಾತಿಯಲ್ಲ. ಎರಡೂ ಬೆರೆತು ಮನೆ ಬೀಜಕ್ಕೆ ಕಹಿ ಇಳಿದಿತ್ತು. ಗೊತ್ತಿಲ್ಲದೆ ಆದದ್ದಲ್ಲವೇ ಎಂದು ಹೆಂಡತಿ ಸಮಾಧಾನ ಹೇಳಿದಳು. ಬೀಜ ಬೆರೆತದ್ದು ಗೊತ್ತಿರಲಿಲ್ಲ, ನಿಜ. ಗೊತ್ತಿದ್ದದ್ದು ಬೇರೆ. ಅವಳು ಚೂರು ತಿಂದು ನೋಡಿ ಎಂದಿದ್ದಳು. ಅವನು ಹೂಂ ಎಂದಿದ್ದ.

ಬಾಣಲೆಯಮ್ಮನ ಗಾಡಿಗೆ ಕೆಲವು ಗಿರಾಕಿಗಳು ಎಷ್ಟೋ ದಿನ ಬರಲಿಲ್ಲ. ಲಿಫ್ಟಣ್ಣ ದಿನವೂ ಸಂಜೆ ಕೆಲಸ ಮುಗಿಸಿ ಬಂದು ಗಾಡಿಯ ಎದುರೇ, ಎಲ್ಲರಿಗೂ ಕಾಣುವಂತೆ ನಿಂತು ತಿನ್ನುತ್ತಿದ್ದ. ಕೇಳಿದವರಿಗೆ ಸೋರೆಕಾಯಿಯ ಕಥೆಯನ್ನು ತಾನೇ ಹೇಳುತ್ತಿದ್ದ. ‘ನಿಮ್ಮ ಹೊಟ್ಟೆ ಕೆಟ್ಟರೆ ಮತ್ತೆ ನನ್ನ ತಲೆಗೇ ಬರುತ್ತೆ, ಸಾಕು ಮಾಡಿ ಅಣ್ಣ’ ಎಂದು ಕೊನೆಗೆ ಅವಳೇ ಓಡಿಸಿದಳು. ಲಿಫ್ಟಿನಲ್ಲಿ ಮಾತ್ರ ಅವನು ತೋಟದ ಮಾತೆತ್ತಲಿಲ್ಲ.

ಅಕ್ಕ ಮನೆಗೆ ಬಂದಳು, ಓಡಾಡಿದಳು. ಆದರೆ ಕೆಲವು ವಾರಗಳಾದ ಮೇಲೆ ಅವಳ ಕೂದಲು ಹಿಡಿಹಿಡಿಯಾಗಿ ಬಾಚಣಿಗೆಗೆ ಬರತೊಡಗಿತು. ಇದೂ ಆ ವಿಷದ್ದೇ, ಮತ್ತೆ ಬೆಳೆಯುತ್ತದೆ ಎಂದು ವೈದ್ಯೆ ಹೇಳಿದರು. ಬೆಳೆಯಿತು ಕೂಡ, ಮೊದಲಿನಷ್ಟು ದಟ್ಟವಾಗಿ ಅಲ್ಲ. ಎಣ್ಣೆ ಖರ್ಚು ಉಳಿಯಿತು ಎಂದು ಅಕ್ಕ ನಗುತ್ತಿದ್ದಳು. ಅವನು ಅವಳೊಡನೆ ಮಾತಾಡುವಾಗ ಬೈತಲೆಯ ಕಡೆ ಕಣ್ಣು ಹೋಗದಂತೆ ನೋಡಿಕೊಳ್ಳುತ್ತಿದ್ದ. ಹೋಗುತ್ತಲೇ ಇತ್ತು.

ಮುಂದಿನ ಬೇಸಿಗೆಯಲ್ಲಿ ಅವನು ತಾರಸಿ ಹತ್ತಲಿಲ್ಲ. ಡಬ್ಬಗಳ ಮಣ್ಣು ಬಿರಿದಿತ್ತು. ಒಂದು ಸಂಜೆ ಅಕ್ಕನೇ ಏದುಸಿರು ಬಿಡುತ್ತ ಮೆಟ್ಟಿಲು ಹತ್ತಿ ಬಂದು, ಅಂಗಡಿಯಿಂದ ಕೊಂಡ ಸೌತೆ ಬೀಜದ ಪೊಟ್ಟಣವನ್ನು ಅವನ ಕೈಗಿಟ್ಟಳು. ಏನೂ ಉಪದೇಶ ಮಾಡಲಿಲ್ಲ. ಬಾಯಿ ಸಪ್ಪೆಯಾಗಿದೆ, ಏನಾದರೂ ಬೆಳೆ ಎಂದಳು.

ಅವನು ಬೆಳೆದ. ಮೊದಲ ಸೌತೆಕಾಯಿಗಳನ್ನು ಚೀಲದಲ್ಲಿ ಮುಚ್ಚಿಕೊಂಡು ಅಕ್ಕನ ಮನೆಗೆ ಹೋದ. ಅವಳು ತಟ್ಟೆಯಲ್ಲಿ ಸುರಿದು ನೋಡಿದರೆ ಒಂದಕ್ಕೂ ತುದಿಯಿರಲಿಲ್ಲ. ಎಲ್ಲವನ್ನೂ ಎರಡೂ ಕಡೆ ಕೊಯ್ದು ತಿಂದು ನೋಡಿ ತಂದಿದ್ದ.

‘ನೋಡೋ, ಕೊನೆಗೂ ನಿನ್ನ ಎಂಜಲು ತಿನ್ನೋ ಗತಿ ಬಂತು ನನಗೆ,’ ಎಂದು ಅಕ್ಕ ಒಂದನ್ನು ಎತ್ತಿಕೊಂಡಳು.

ಅವನು ನಗಲಿಲ್ಲ. ‘ತಡಿ ಅಕ್ಕ,’ ಎಂದು ಅದನ್ನು ಅವಳ ಕೈಯಿಂದ ತೆಗೆದುಕೊಂಡು, ನಡುವಿನಿಂದ ಇನ್ನೊಂದು ಬಿಲ್ಲೆ ಕೊಯ್ದು ತನ್ನ ಬಾಯಿಗಿಟ್ಟುಕೊಂಡ. ನಿಧಾನವಾಗಿ ಅಗಿದ. ನುಂಗಿದ ಮೇಲೂ ಸ್ವಲ್ಪ ಹೊತ್ತು ಕಾದ. ಅಕ್ಕ ಕೈ ಚಾಚಿಕೊಂಡೇ ಕೂತಿದ್ದಳು. ಆಮೇಲೆ ಉಳಿದದ್ದನ್ನು ಅವಳಿಗೆ ಕೊಟ್ಟ.