ಧನಿಗಳ ಹತ್ತಿರ ಬಿಟ್ಟ ಸಂಬಳ

ಮುಂಬೈ ಕಡೆಯ ಕಲ್ಯಾಣ್ ಸ್ಟೇಷನ್ ಹತ್ತಿರದ ಉಡುಪಿ ಹೋಟೆಲಿನಲ್ಲಿ ನಾನು ಗಲ್ಲಾದಲ್ಲಿ ಕೂರುತ್ತಿದ್ದೆ. ಊರಿನಿಂದ ಬಂದಾಗ ಏಳನೇ ಕ್ಲಾಸು ಮಾತ್ರ ಆಗಿತ್ತು. ಉಳಿದದ್ದನ್ನು ರಾತ್ರಿ ಶಾಲೆಯಲ್ಲಿ, ಆಮೇಲೆ ಅಂಚೆ ಮೂಲಕ ಓದಿದೆ. ಬಿ.ಎ. ಮುಗಿಯುವಾಗ ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ಅಷ್ಟಾದರೂ ಇನ್ನೊಂದು ಡಿಗ್ರಿ ಮಾಡುವ ಆಸೆ ಹುಟ್ಟಿತು, ಲೈಬ್ರರಿ ಸೈನ್ಸ್. ಯಾವುದಾದರೂ ಶಾಲೆಯ ಲೈಬ್ರರಿಯಲ್ಲಿ ಕೂತು ಮಕ್ಕಳಿಗೆ ಪುಸ್ತಕ ಹುಡುಕಿ ಕೊಡಬೇಕು, ಅಷ್ಟೇ. ಐರೋಲಿಯ ಕಾಲೇಜೊಂದರಲ್ಲಿ ಸೀಟು ಸಿಕ್ಕಿತು. ಸೋಮವಾರದೊಳಗೆ ಫೀಸು ಕಟ್ಟಬೇಕು, ಇಲ್ಲದಿದ್ದರೆ ಸೀಟು ಬೇರೆಯವರಿಗೆ.

ಹಣ ಇರಲಿಲ್ಲ ಎಂದಲ್ಲ. ನಮ್ಮ ಹೋಟೆಲುಗಳಲ್ಲಿ ಕೆಲಸದವರು ಸಂಬಳದಲ್ಲಿ ಸ್ವಲ್ಪ ಭಾಗವನ್ನು ಧನಿಗಳ ಹತ್ತಿರವೇ ಬಿಡುತ್ತಾರೆ. ಬ್ಯಾಂಕಿನಲ್ಲಿದ್ದರೆ ಖರ್ಚಾಗುತ್ತದೆ, ಧನಿಗಳ ಹತ್ತಿರವಿದ್ದರೆ ಕೇಳಲು ನಾಚಿಕೆಯಾಗಿ ಉಳಿಯುತ್ತದೆ. ನಾನೂ ವರ್ಷಾನುಗಟ್ಟಲೆ ಬಿಟ್ಟಿದ್ದೆ.

ಶುಕ್ರವಾರ ಊಟದ ಗಿರಾಕಿಗಳು ಹೋದ ಮೇಲೆ ಕೇಳಿದೆ. "ಧನಿ, ನನ್ನದು ಎಷ್ಟಾಗಿದೆಯೋ ಅಷ್ಟೂ ಸೋಮವಾರದೊಳಗೆ ಬೇಕಿತ್ತು."

ಅವರು ನನ್ನ ಮುಖ ನೋಡಿದರು. "ಅಷ್ಟೂ ಬೇಕಾ?"

"ಹೌದು."

"ಆಯ್ತು." ಎದ್ದು ಅಡುಗೆಮನೆಗೆ ಹೋದರು. ಆ ಸಂಜೆ ನನ್ನ ಹತ್ತಿರ ಮಾತಾಡಲಿಲ್ಲ. ಮರುದಿನ ಚಾ ಕೂಡ ಬೇರೆ ಟೇಬಲಿನಲ್ಲಿ ಕೂತು ಕುಡಿದರು.

ವಿಠ್ಠಲವಾಡಿಯ ಮನೆಯಲ್ಲಿ ಹೆಂಡತಿಗೆ ಹೇಳಿದೆ. ಅವಳು ಚಪಾತಿ ಹಿಟ್ಟು ನಾದುವುದನ್ನು ನಿಲ್ಲಿಸಿದಳು.

"ಇಡೀ ಹಣ ಒಟ್ಟಿಗೆ ಕೇಳಿದ್ರಾ? ಕಾಲೇಜಿಗೆ ಅಂತ ಹೇಳ್ಲಿಲ್ವಾ?"

"ನಾಚಿಕೆ ಆಯ್ತು. ಈ ಪ್ರಾಯದಲ್ಲಿ ಕಾಲೇಜು ಅಂದ್ರೆ ನಗ್ತಾರೆ."

"ನಿಮಗೆ ಎಷ್ಟು ಓದಿದ್ರೂ ಅಷ್ಟೇ. ಹಾಗೆ ಕೇಳಿದವರೆಲ್ಲ ಆಮೇಲೆ ಎಂತ ಮಾಡಿದ್ದಾರೆ? ಅದೇ ರೋಡಲ್ಲಿ ಹೋಟೆಲ್ ಹಾಕಿದ್ದಾರೆ. ಧನಿಗಳು ಮತ್ತೆ ಎಂತ ತಿಳ್ಕೊಳ್ಬೇಕು?"

ಆಗ ಹೊಳೆಯಿತು. ನಮ್ಮಲ್ಲಿ ಎಲ್ಲ ಹಣವನ್ನೂ ಒಮ್ಮೆಗೇ ಕೇಳುವುದೆಂದರೆ ಋಣ ತೀರಿತು ಎಂದರ್ಥ. ಕಾಲೇಜು ತಪ್ಪಿದರೂ ಸಹಿಸಬಹುದಿತ್ತು. ಊರಿನಿಂದ ಬಂದ ಹೊಸತರಲ್ಲಿ ರಾತ್ರಿ ಶಾಲೆಗೆ ಕಳಿಸಿದ್ದು ಅವರೇ. ಅವರು ನನ್ನನ್ನು ಎದುರು ಅಂಗಡಿಯವನೆಂದು ತಿಳಿದುಕೊಂಡು ಕೂತಿರುವುದನ್ನು ಸಹಿಸಲಾಗಲಿಲ್ಲ.

ಭಾನುವಾರ ಬೆಳಿಗ್ಗೆ ಅವರ ಎದುರಿಗೆ ಹೋಗಿ ನಿಂತೆ. ನಾನು ಬಾಯಿ ಬಿಡುವ ಮೊದಲೇ ಕೇಳಿದರು.

"ಜಾಗ ಎಲ್ಲಿ ನೋಡಿದ್ದಿ? ಉಲ್ಹಾಸನಗರವಾ?"

"ಜಾಗ ಅಲ್ಲ ಧನಿ. ಕಾಲೇಜು."

"ಎಂತ ಕಾಲೇಜು?"

"ಲೈಬ್ರರಿದ್ದು. ಅದನ್ನು ಮಾಡಿದ್ರೆ ಶಾಲೆಯಲ್ಲಿ ಕೆಲಸ ಸಿಗ್ತದೆ."

"ಪುಸ್ತಕದ ಧೂಳು ಹೊಡೀಲಿಕ್ಕೂ ಡಿಗ್ರಿ ಬೇಕಾ ಮಾರಾಯ?"

"ಈಗ ಬೇಕಂತೆ."

ಒಳಗಿನಿಂದ ಅಡುಗೆಯವರು ನಕ್ಕದ್ದು ಕೇಳಿಸಿತು. ಧನಿಗಳು ನಗಲಿಲ್ಲ. ಕನ್ನಡಕ ತೆಗೆದು ಒರೆಸಿಕೊಂಡರು. "ನಿನ್ನ ಮೇಲೆ ಎಷ್ಟು ಸಿಟ್ಟು ಬಂದಿತ್ತು ಗೊತ್ತುಂಟಾ? ಆ ಸಿಟ್ಟಲ್ಲೇ ನಿನ್ನೆ ಗ್ರೈಂಡರಿನ ರೇಟು ವಿಚಾರಿಸಿ ಬಂದೆ. ಹೊಸ ಹೋಟೆಲಿಗೆ ಬರಿಗೈಯಲ್ಲಿ ಹೇಗೆ ಕಳಿಸುದು?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು.

"ಕ್ಲಾಸು ಎಷ್ಟೊತ್ತಿಗೆ?"

"ಮಧ್ಯಾಹ್ನದ ಮೇಲೆ."

"ಹಾಗಾದ್ರೆ ಬೆಳಗ್ಗಿನ ಗಲ್ಲಾ ನಿನ್ನದೇ. ಅರ್ಧ ದಿನದ ಸಂಬಳ, ಊಟ ಇಲ್ಲೇ. ಓದ್ತೇನೆ ಅಂತ ಚಿಲ್ಲರೆ ತಪ್ಪು ಕೊಡ್ಬೇಡ."

ಸೋಮವಾರ ಅವರೇ ನನ್ನ ಜೊತೆ ಹೊರಟರು. ಇಷ್ಟು ಹಣ ಹಿಡಿದುಕೊಂಡು ಲೋಕಲ್‌ನಲ್ಲಿ ಒಬ್ಬನೇ ಹೋಗಬಾರದು ಎಂಬುದು ನೆಪ. ಠಾಣೆ ಸ್ಟೇಷನ್ನಿನಲ್ಲಿ ಗಾಡಿ ಬದಲಿಸುವಾಗ ಮೆಟ್ಟಿಲು ಹತ್ತಿ ಅವರಿಗೆ ಏದುಸಿರು ಬಂತು. ಕೂತುಕೊಳ್ಳಿ ಎಂದರೆ ಕೇಳಲಿಲ್ಲ.

ಕಾಲೇಜಿನ ಫೀಸಿನ ಕಿಟಕಿಯ ಮುಂದೆ ಎಲ್ಲರೂ ಇಪ್ಪತ್ತು, ಇಪ್ಪತ್ತೊಂದರ ಮಕ್ಕಳು. ನಮ್ಮ ಸರದಿ ಬಂದಾಗ ಒಳಗಿದ್ದ ಹೆಂಗಸು ನಮ್ಮಿಬ್ಬರನ್ನೂ ನೋಡಿ, ಹಿಂದೆ ಯಾರಾದರೂ ಹುಡುಗ ನಿಂತಿದ್ದಾನೋ ಎಂದು ಇಣುಕಿದಳು. "ಕುಣಾಚಿ ಅಡ್ಮಿಷನ್?" ಯಾರ ಅಡ್ಮಿಷನ್ ಎಂದು ಮರಾಠಿಯಲ್ಲಿ ಕೇಳಿದಳು.

ನಾನು ತಲೆ ತಗ್ಗಿಸಿದೆ. ಧನಿಗಳು ನನ್ನ ಹೆಗಲ ಮೇಲೆ ಕೈಯಿಟ್ಟು, "ಹ್ಯಾಚಿ" ಎಂದರು. ಇವನದು. ರಸೀದಿ ಕೈಗೆ ಬರುವವರೆಗೂ ಆ ಕೈ ತೆಗೆಯಲಿಲ್ಲ.