ಹೊಲದಲ್ಲಿ ಎರಡು ಗುಡ್ಡೆ

ಶಿರಾ ಬಸ್ ಸ್ಟ್ಯಾಂಡಿನಲ್ಲಿ ಹುರಿದ ಕಡಲೆಕಾಯಿ ಕೊಂಡಿದ್ದೆ. ತಿಂದು ಮುಗಿಸಿ ಪೊಟ್ಟಣ ಬಿಚ್ಚಿದರೆ ಯಾವುದೋ ಫಾರಿನ್ ಪತ್ರಿಕೆಯ ಬಣ್ಣದ ಹಾಳೆ. ಅದರಲ್ಲೊಬ್ಬ ಹುಡುಗ, ತಲೆಗೆ ಗಡಿಗೆಯಂಥ ಟೋಪಿ ಹಾಕಿಕೊಂಡು, ಒಂದು ಪುಟಾಣಿ ಸೈಕಲ್ಲಿನ ಪೆಡಲ್ ಮೇಲೆ ನಿಂತು, ಆಕಾಶದಲ್ಲಿದ್ದ. ಕೆಳಗೆ ನೆಲವಿರಬೇಕಾದ ಕಡೆ ಹಾಳೆ ಹರಿದುಹೋಗಿತ್ತು. ಇವನು ಎಲ್ಲಿಂದ ಹತ್ತಿದ, ಎಲ್ಲಿಗೆ ಇಳಿದ ಎಂದು ಕಡಲೆಕಾಯಿಯವನನ್ನೇ ಕೇಳಿದೆ. ಇನ್ನೊಂದು ಪೊಟ್ಟಣ ತಗೊಳ್ಳಿ, ಅದರಲ್ಲಿದ್ದರೂ ಇರಬಹುದು ಅಂದ. ತಗೊಂಡೆ. ಅದರಲ್ಲಿ ಸೋಪಿನ ಜಾಹೀರಾತಿತ್ತು.

ಹುಡುಗನ ಎದೆಯ ಮೇಲೆ ಬಿ ಎಂ ಎಕ್ಸ್ ಎಂದು ದಪ್ಪಗೆ ಬರೆದಿತ್ತು. ನಾನದನ್ನು ಅವನ ಇನಿಷಿಯಲ್ ಅಂದುಕೊಂಡೆ. ಬಿ ಅಂದರೆ ಊರು, ಎಂ ಅಂದರೆ ಅಪ್ಪ, ಹಾಗಾದರೆ ಎಕ್ಸ್‌ನಿಂದ ಶುರುವಾಗುವ ಹೆಸರು ಯಾವುದಪ್ಪ ಎಂದು ಮಧುಗಿರಿ ಬರುವ ತನಕ ತಲೆ ಕೆರೆದುಕೊಂಡೆ. ಅದು ಸೈಕಲ್ಲಿನ ಜಾತಿಯ ಹೆಸರು ಎಂದು ಗೊತ್ತಾಗುವ ಹೊತ್ತಿಗೆ ನನ್ನ ಕೈ ಮುರಿದು ಕೂಡಿಕೊಂಡೂ ಆಗಿತ್ತು.

ಎಂಬತ್ತರ ದಶಕದ ನಡುವಿನ ಮಾತು. ಮಧುಗಿರಿಯಲ್ಲಿ ನನ್ನದೊಂದು ಸೈಕಲ್ ಶಾಪ್ ಇತ್ತು. ಪಂಕ್ಚರ್, ಓವರಾಯಿಲಿಂಗು, ಗಂಟೆ ಬಾಡಿಗೆ. ಮನೆ ಕೋಟೆ ಬೆಟ್ಟದ ಹಿಂದಿನ ಹಳ್ಳಿಯಲ್ಲಿ, ಮುತ್ತಾತನ ಕಾಲದಿಂದ ಅಲ್ಲೇ. ವಯಸ್ಸು ಮದುವೆಯದು, ಬುದ್ಧಿ ಆ ಹಾಳೆಯದು. ಮೂರು ಕಡೆ ಹೆಣ್ಣು ನೋಡಿ ಬಂದಿದ್ದೆವು, ಮೂರು ಕಡೆಯಿಂದಲೂ ಆಮೇಲೆ ಹೇಳಿ ಕಳಿಸ್ತೀವಿ ಅಂದವರು ಹೇಳಿ ಕಳಿಸಿರಲಿಲ್ಲ. ಸಿಟ್ಟು ನನಗೆ ಮೊದಲೇ ಮೂಗಿನ ತುದಿಯಲ್ಲಿತ್ತು, ಆಮೇಲೆ ಅಲ್ಲೇ ಮನೆ ಮಾಡಿತು.

ತೋವಿನಕೆರೆಯಲ್ಲಿ ಒಬ್ಬರ ಅಟ್ಟದ ಮೇಲೆ ತುಕ್ಕು ಹಿಡಿದು ಬಿದ್ದಿದ್ದ ಮಕ್ಕಳ ಸೈಕಲ್ಲನ್ನು ಬೇಡಿ ತಂದೆ. ಮಡ್‌ಗಾರ್ಡ್, ಕ್ಯಾರಿಯರ್, ಸ್ಟ್ಯಾಂಡು, ಬೆಲ್ಲು, ಚೈನ್ ಕವರು, ಹಾರುವುದಕ್ಕೆ ಬೇಡದ್ದನ್ನೆಲ್ಲ ಕಿತ್ತೆ. ಸೀಟನ್ನು ಇಳಿಯುವಷ್ಟು ಇಳಿಸಿದೆ. ಚೈನಿನ ಎರಡು ಕೊಂಡಿ ಕಳಚಿ ಬಿಗಿ ಮಾಡಿದೆ. ಕಡ್ಡಿಗಳನ್ನು ಹೊಸದಾಗಿ ಹೆಣೆದು, ಒಂದರ ಮೇಲೊಂದು ಹಾಯುವ ಕಡೆಯೆಲ್ಲ ತಂತಿ ಸುತ್ತಿದೆ. ಮುಂದಿನ ಬ್ರೇಕನ್ನೂ ಕಿತ್ತು ಹಾಕಿದೆ, ಗಾಳಿಯಲ್ಲಿ ಅದಕ್ಕೇನು ಕೆಲಸ ಎಂದು. ಅಗಲವಾದ ಹ್ಯಾಂಡಲ್ ಬೇಕಿತ್ತು. ನೀರಿನ ಪೈಪು ಹೊತ್ತುಕೊಂಡು ಶಿರಾದ ವೆಲ್ಡಿಂಗ್ ಅಂಗಡಿಗೆ ಹೋಗಿ ಹಾಳೆ ತೋರಿಸಿದೆ. ಅಲ್ಲಿನ ಭಾಯಿ ಹಾಳೆ ನೋಡಿದರು, ನನ್ನನ್ನು ನೋಡಿದರು, ಮನೆಯಲ್ಲಿ ಹೇಳಿ ಬಂದಿದ್ದೀಯಾ ಅಂತ ಕೇಳಿದರು. ಆಮೇಲೆ ಪೈಪನ್ನು ಹೋತದ ಕೊಂಬಿನ ಹಾಗೆ ಬಗ್ಗಿಸಿಕೊಟ್ಟರು. ಶಾಪಿಗೆ ತಂದು ನಿಲ್ಲಿಸಿದ ಮೇಲೆ ಗಿರಾಕಿಗಳದ್ದೆಲ್ಲ ಒಂದೇ ಪ್ರಶ್ನೆ, ಉಳಿದ ಸೈಕಲ್ ಎಲ್ಲಿ?

ಇನ್ನು ಹಾರಲು ಜಾಗ. ಹತ್ತೋಕೆ ಒಂದು ಗುಡ್ಡೆ, ಇಳಿಯೋಕೆ ಒಂದು ಗುಡ್ಡೆ, ನಡುವೆ ಗುಂಡಿ ಎಂದು ನಾನೇ ಲೆಕ್ಕ ಹಾಕಿದೆ. ಬಸ್ ನಿಲ್ಲುವ ಕಡೆಯಿಂದ ಊರಿಗೆ ಬರುವ ದಾರಿಯ ಪಕ್ಕದಲ್ಲೇ ನಮ್ಮ ಹೊಲ. ಗುಂಡಿ ತೋಡಿದ ಮಣ್ಣನ್ನೇ ಎರಡು ಕಡೆ ಒಟ್ಟಿದೆ. ಹತ್ತುವುದು ಚಿಕ್ಕದು, ತುದಿ ಕಡಿದು ನಿಲ್ಲಿಸಿದಂತೆ. ಇಳಿಯುವುದು ದೊಡ್ಡದು, ಉದ್ದಕ್ಕೆ ಇಳಿಜಾರು. ಬರೀ ಕೆಂಪು ಮಣ್ಣು ಚಕ್ರ ತಾಗಿದರೆ ಉದುರುತ್ತಿತ್ತು. ಕೆರೆಯ ಗೋಡುಮಣ್ಣು ತಂದು ಕಲಸಿದೆ. ಆದರೂ ಗಟ್ಟಿಯಾಗಲಿಲ್ಲ.

ಆಗ ನನ್ನ ಸ್ನೇಹಿತ ಬಂದ. ಕುರಿ ಕಾಯುವವನು, ನನ್ನ ಜೊತೆ ಮೂರನೇ ಕ್ಲಾಸಿನ ತನಕ ಓದಿದವನು. ನೀರು ಹೊಯ್ದು ಬಿಡು, ಉಳಿದದ್ದು ನನ್ನ ಕುರಿ ನೋಡಿಕೊಳ್ತವೆ ಅಂದ. ಮಂದೆಯನ್ನು ಗುಡ್ಡೆ ಹತ್ತಿಸಿ ಇಳಿಸಿದ, ಇಳಿಸಿ ಹತ್ತಿಸಿದ. ಕುರಿಗಳಿಗೆ ಒಂದೇ ಬೇಸರ, ಮೇಲೆ ಹೋದರೆ ಮೇವಿಲ್ಲ, ಇಳಿದರೆ ಮತ್ತೆ ಮೇಲೆ. ಆದರೆ ಗೊರಸಿನ ಕೆಳಗೆ ಮಣ್ಣು ಕಲ್ಲಾಯಿತು. ಮೇಲೆ ಬಿರುಕು ಬಿಡದಿರಲಿ ಎಂದು ಸಗಣಿ ಸಾರಿಸಿದೆ. ತುದಿ ಕಾಣಲಿ ಎಂದು ಸುಣ್ಣದ ಗೆರೆ ಎಳೆದೆ. ನಾಯಿಗಳು ಹತ್ತಿ ಕೆದಕದಿರಲಿ ಎಂದು ಜಾಲಿಮುಳ್ಳು ಹೊದಿಸಿದೆ. ಏನೋ ಮಾಡ್ತಿದ್ದೀಯ ಎಂದು ಅಪ್ಪ ಕೇಳಿದಾಗ, ಮಳೆನೀರು ನಿಲ್ಲಲು ಬದು ಹಾಕುತ್ತಿದ್ದೇನೆ ಅಂದೆ. ಹುಟ್ಟಿದಾರಭ್ಯ ಮೊದಲ ಸಲ ಅಪ್ಪ ನನ್ನ ಬೆನ್ನು ತಟ್ಟಿದರು.

ದಿನಾ ಬೆಳಿಗ್ಗೆ ಮುಳ್ಳು ತೆಗೆದು ಹಾರುತ್ತಿದ್ದೆ. ಹಾರುತ್ತಿದ್ದೆ ಅನ್ನುವುದು ಮರ್ಯಾದೆಗೆ ಹೇಳುವ ಮಾತು. ಚಿಕ್ಕ ಗುಡ್ಡೆಯನ್ನು ಹತ್ತುವ ತನಕ ಎಲ್ಲ ಸರಿ, ದೊಡ್ಡ ಗುಡ್ಡೆಯನ್ನು ಮಾತ್ರ ಒಮ್ಮೆಯೂ ಮುಟ್ಟಲಿಲ್ಲ. ಪ್ರತಿ ಸಲವೂ ಗುಂಡಿ. ಟೈರಿಗೆ ಗಾಳಿ ಜಾಸ್ತಿ ಹೊಡೆದು ನೋಡಿದೆ, ಕಮ್ಮಿ ಮಾಡಿ ನೋಡಿದೆ, ಗುಂಡಿ ಬದಲಾಗಲಿಲ್ಲ. ಸ್ನೇಹಿತ ಕೋಲೂರಿ ನಿಂತು, ಇವತ್ತು ನಿನ್ನೆಗಿಂತ ಮುಂದಕ್ಕೆ ಬಿದ್ದೆ ಎಂದು ಧೈರ್ಯ ಹೇಳುತ್ತಿದ್ದ.

ಇದರ ನಡುವೆ ಪಾವಗಡದ ಕಡೆಯಿಂದ ಸಂಬಂಧ ಬಂತು. ವೈ.ಎನ್.ಹೊಸಕೋಟೆ ಹತ್ತಿರದ ಹಳ್ಳಿ, ಮನೆ ತುಂಬ ತೆಲುಗು. ಹೆಣ್ಣು ನೋಡಲು ಹೋದಾಗ ಹುಡುಗಿಯ ಸೋದರಮಾವ ತೆಲುಗು ಬರುತ್ತಾ ಅಂದರು. ಬರುತ್ತೆ ಅಂತ ಜಂಬ ಕೊಚ್ಚಿಕೊಂಡೆ. ಎಂತಮಂದಿ ಅನ್ನದಮ್ಮುಲು ಎಂದು ಕೇಳಿದರು. ಅಣ್ಣತಮ್ಮಂದಿರು ಎಷ್ಟು ಜನ ಎಂದು ಅದರರ್ಥ. ನನಗೆ ಕೇಳಿಸಿದ್ದು ಅನ್ನ ಒಂದೇ. ಆಯ್ತು, ಈಗಷ್ಟೇ ಉಂಡು ಬಂದೆವು ಅಂದೆ. ಬಾಗಿಲ ಹಿಂದಿದ್ದ ಹುಡುಗಿ ನಕ್ಕಳು ನೋಡಿ, ನಿಲ್ಲಲಾರದೆ ಕುಕ್ಕರಿಸಿ ಕೂತು, ಸೆರಗಿನಲ್ಲಿ ಕಣ್ಣೊರೆಸಿಕೊಂಡು ಮತ್ತೆ ನಕ್ಕಳು. ಆ ನಗು ನನಗೆ ಬೇಕು ಅನ್ನಿಸಿಬಿಟ್ಟಿತು. ಈ ಹುಡುಗಿ ತಪ್ಪಿದರೆ ಮದುವೆಯ ಮಾತೇ ಬೇಡ ಎಂದು ಬಸ್ಸಿನಲ್ಲಿ ಅಮ್ಮನಿಗೆ ಹೇಳಿದೆ. ಅಮ್ಮ ನನ್ನ ಹಣೆ ಮುಟ್ಟಿ ನೋಡಿದರು.

ಮನೆ ನೋಡಲು ಅವರ ಕಡೆಯಿಂದ ಅಜ್ಜಿಯೂ ಸೋದರಮಾವನೂ ಬಂದರು. ಅವರ ಮನೆಯಲ್ಲಿ ಅಜ್ಜಿಯ ಮಾತೇ ಕೊನೆ ಎಂದು ಮೊದಲೇ ತಿಳಿದಿತ್ತು. ಒಂದು ವಿಷಯ ಮಾತ್ರ ನನ್ನ ತಲೆಗೆ ಹೊಳೆದಿರಲಿಲ್ಲ. ನಮ್ಮ ಕಡೆ ಸತ್ತವರನ್ನು ಅವರವರ ಹೊಲದಲ್ಲೇ ಮಣ್ಣು ಮಾಡುತ್ತಾರೆ. ಗುಡ್ಡೆ ಒಟ್ಟಿ, ಸಾರಿಸಿ, ನಾಯಿನರಿ ಕೆದಕದಿರಲಿ ಎಂದು ಮೇಲೆ ಮುಳ್ಳು ಹೊದಿಸುತ್ತಾರೆ. ಬಸ್ಸಿಳಿದವರು ಆ ದಾರಿಯಲ್ಲೇ, ಆ ಹೊಲದ ಪಕ್ಕದಲ್ಲೇ ನಡೆದು ಬಂದಿದ್ದರು.

ಬಂದವರು ಜಗುಲಿಯ ತುದಿಯಲ್ಲಿ ಕೂತರು. ಕಾಲಿಗೆ ನೀರು ಕೊಟ್ಟರೆ ಬೇಡ, ಉಪ್ಪಿಟ್ಟು ಬೇಡ, ಕಾಫಿ ಬೇಡ. ಅಮ್ಮನ ಮುಖ ಸಪ್ಪಗಾಯಿತು. ಸೈಕಲ್ ಶಾಪಿನವನು ಎಂಬ ತಾತ್ಸಾರ ಇರಬೇಕು ಎಂದು ನನಗೆ ಒಳಗೊಳಗೇ ಕುದಿಯಿತು. ಅಜ್ಜಿ ನನ್ನ ಕಡೆ ತಿರುಗಿ, ಮೆಲ್ಲಗೆ, ಪಾಪ ಅನ್ನುವ ದನಿಯಲ್ಲಿ ಮಾತು ತೆಗೆದರು.

"ಹೊಲದಾಗೆ ನೋಡಿದ್ವಪ್ಪಾ. ಯಾವಾಗ ಆಗಿದ್ದು?"

ನಾನು ಅರಳಿಹೋದೆ. ಊರಿನಲ್ಲಿ ಒಬ್ಬರಾದರೂ ಹೀಗೆ ಕೇಳಿದವರಿಲ್ಲ.

"ವಾರ ಆಯ್ತಜ್ಜಿ. ಒಳಗೆ ಇನ್ನೂ ಹಸಿ ಐತೆ."

"ಎರಡೂ ಒಟ್ಟಿಗೇನಾ?"

"ಒಟ್ಟಿಗೇ. ಒಂದನ್ನ ಬುಟ್ಟು ಇನ್ನೊಂದು ಇದ್ದು ಏನು ಪ್ರಯೋಜನ?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡರು. ಒಂದು ಚಿಕ್ಕದು ಅಲ್ಲವಾ ಎಂದು ಸೋದರಮಾವ ತಡವರಿಸಿದರು.

"ಚಿಕ್ಕದು ಮೇಲಕ್ಕೋಗೋಕೆ. ಮೊದ್ಲು ಅದೇ ಆಗಿದ್ದು, ದೊಡ್ಡದು ಆಮೇಲೆ. ಎಲ್ಲಾ ನಾನೇ, ನನ್ನ ಕೈಯಾರ ಮಾಡಿದ್ದು."

ಸೋದರಮಾವ ಎದ್ದು ಚಪ್ಪಲಿ ಮೆಟ್ಟಿಕೊಂಡರು. ಅಜ್ಜಿ ಅಪ್ಪನ ಕಡೆ ತಿರುಗಿದರು. ಬಾಣಂತಿಯನ್ನೂ ಕೂಸನ್ನೂ ಮಣ್ಣಿಗಿಟ್ಟು ವಾರ ಕಳೆದಿಲ್ಲ, ಸೂತಕದ ಮನೆಯಲ್ಲಿ ಎರಡನೇ ಸಂಬಂಧಕ್ಕೆ ಕಾಫಿ ಕಾಯಿಸುತ್ತಿದ್ದೀರಲ್ಲ, ನೀವೆಂಥ ಜನ ಎಂದು ತೆಲುಗು ಅರ್ಧ, ಕನ್ನಡ ಅರ್ಧ ಉಗಿದರು. ಅಪ್ಪನಿಗೆ ತಲೆಬುಡ ತಿಳಿಯಲಿಲ್ಲ. ಯಾವ ಬಾಣಂತಿ, ಅದು ಮಳೆನೀರಿಗೆ ಹಾಕಿದ ಬದು ಅಂದರು. ಅದೇ ಉಸಿರಿನಲ್ಲಿ ನಾನು, ಅದು ಸೈಕಲ್ ಹಾರಿಸೋ ಗುಡ್ಡೆ ಅಂದೆ. ಅಪ್ಪ ಮಗ ಎರಡೆರಡು ಕಥೆ ಹೇಳಿದ ಮೇಲೆ ನಂಬುವವರು ಯಾರು? ಬದುವಿಗೆ ಯಾರಾದರೂ ಸಗಣಿ ಸಾರಿಸುತ್ತಾರಾ ಎಂದು ಸೋದರಮಾವ ಕೇಳಿದರು. ಸೈಕಲ್ ಹಾರುತ್ತೆ ಅನ್ನುವ ಸುಳ್ಳನ್ನಾದರೂ ಸ್ವಲ್ಪ ಯೋಚಿಸಿ ಹೇಳಬಾರದಾ ಎಂದೂ ಕೇಳಿದರು.

ಹುಡುಗಿ ಕೈಬಿಟ್ಟು ಹೋಗುತ್ತಿರುವುದು ನನಗೆ ಕಣ್ಣೆದುರು ಕಾಣುತ್ತಿತ್ತು. ಇನ್ನೊಂದು ನಿಮಿಷಕ್ಕೆ ಇವರು ದಾರಿ ಹಿಡಿಯುತ್ತಾರೆ, ಸಂಜೆಯೊಳಗೆ ಪಾವಗಡದ ತನಕ ನಾನು ವಿಧುರ. ಮೂಗಿನ ತುದಿಯ ಸಿಟ್ಟು ಬಾಯಿಗೆ ಬಂತು. ಹಾರಿಯೇ ತೋರಿಸುತ್ತೇನೆ, ಅಷ್ಟು ನೋಡಿ ಹೋಗಿ ಅಂದೆ. ಒಂದು ಸಲವೂ ದಾಟಿದವನಲ್ಲ ಎಂಬುದು ನೆನಪಾದದ್ದು ಮಾತು ಆಡಿಬಿಟ್ಟ ಮೇಲೆ.

ಎಲ್ಲರೂ ಹೊಲಕ್ಕೆ ಬಂದರು. ದಾರಿಯಲ್ಲಿ ಹೋಗುತ್ತಿದ್ದವರೂ ನಿಂತರು. ಸ್ನೇಹಿತ ಮುಳ್ಳು ಎಳೆದು ಹಾಕಿದ. ಅಜ್ಜಿ ಕೈ ಮುಗಿದು ಎರಡು ಹೆಜ್ಜೆ ಹಿಂದೆ ಸರಿದರು. ನಾನು ಹೊಸ ಬಿಳಿ ಪಂಚೆಯನ್ನು ಕಚ್ಚೆ ಕಟ್ಟಿಕೊಂಡು ಸೈಕಲ್ ಹತ್ತಿದೆ. ಅಲ್ಲಾಡಬೇಡ, ಮುಂದಕ್ಕೆ ನೋಡು ಎಂದು ಸ್ನೇಹಿತ ಕಿವಿಯಲ್ಲಿ ಹೇಳಿದ.

ತುಳಿದೆ. ಜೀವಮಾನದಲ್ಲಿ ಅಷ್ಟು ತುಳಿದಿರಲಿಲ್ಲ. ಚಿಕ್ಕ ಗುಡ್ಡೆ ಬಂತು, ಸುಣ್ಣದ ಗೆರೆ ಹೋಯಿತು, ನೆಲ ಹೋಯಿತು. ಹಾಳೆಯ ಹುಡುಗ ಇದ್ದ ಜಾಗದಲ್ಲಿ ನಾನಿದ್ದೆ. ಎಷ್ಟು ಚೆನ್ನಾಗಿತ್ತು ಅಂದರೆ ಮದುವೆ, ಅಜ್ಜಿ, ಬಾಣಂತಿ ಎಲ್ಲ ಮರೆತುಹೋಯಿತು. ದೊಡ್ಡ ಗುಡ್ಡೆ ಹತ್ತಿರ ಬರುತ್ತಿತ್ತು, ಈ ಸಲ ನಿಜವಾಗಿಯೂ ಬರುತ್ತಿತ್ತು. ಅಷ್ಟರಲ್ಲಿ ಕಚ್ಚೆ ಬಿಚ್ಚಿ ಪಂಚೆ ಚೈನಿಗೆ ಸಿಕ್ಕಿತು. ಸೈಕಲ್ ಒಂದು ಕಡೆ, ನಾನು ಒಂದು ಕಡೆ, ಇಬ್ಬರೂ ಗುಂಡಿಯ ಒಳಗೆ.

ಕಣ್ಣು ಬಿಟ್ಟಾಗ ಮೇಲೆ ಸುತ್ತಲೂ ಮುಖಗಳು ಬಗ್ಗಿ ನೋಡುತ್ತಿದ್ದವು. ಮಣ್ಣಿಗಿಡುವಾಗ ಒಳಗಿರುವವನಿಗೆ ಹೀಗೇ ಕಾಣುತ್ತದೇನೋ ಅನ್ನಿಸಿತು. ಬಲಗೈ ತಿರುಗಬಾರದ ಕಡೆಗೆ ತಿರುಗಿತ್ತು. ಪಂಚೆಯ ಮುಕ್ಕಾಲು ಭಾಗ ಸೈಕಲ್ಲೇ ಉಟ್ಟುಕೊಂಡಿತ್ತು. ನೋವಿಗಿಂತ ನಾಚಿಕೆಗೆ ನನಗೆ ಅಳು ಬಂತು, ಅತ್ತೂ ಬಿಟ್ಟೆ.

"ಬತಿಕುನ್ನಾಡಾ?" ಅಂದರು ಅಜ್ಜಿ. ಬದುಕಿದ್ದಾನಾ ಎಂದು.

ಅಳ್ತಾವ್ನೆ, ಬದುಕವ್ನೆ ಅಂದ ಸ್ನೇಹಿತ.

ಅಜ್ಜಿ ಗುಂಡಿಯ ಅಂಚಿನಲ್ಲಿ ಕುಕ್ಕರಗಾಲಲ್ಲಿ ಕೂತರು. ಹತ್ತುವ ಗುಡ್ಡೆ ನೋಡಿದರು, ಇಳಿಯುವ ಗುಡ್ಡೆ ನೋಡಿದರು, ಹೋತದ ಕೊಂಬಿನ ಸೈಕಲ್ ನೋಡಿದರು, ನನ್ನನ್ನು ತಲೆಯಿಂದ ಕಾಲಿನ ತನಕ ನೋಡಿದರು. ನೋಡಿ ಸೋದರಮಾವನಿಗೆ ಹೇಳಿದರು:

"ಲೇದಪ್ಪಾ, ಇವನಿಗೆ ಮದ್ವೆ ಆಗಿಲ್ಲ. ಹೆಂಡ್ತಿ ಅಂತ ಒಬ್ಳು ಒಂದು ದಿನ ಇದ್ದಿದ್ರೂ ಇವನನ್ನ ಇಂಗೆ ಬುಡ್ತಿರ್ಲಿಲ್ಲ."

ದಾರಿಯಲ್ಲಿ ನಿಂತವರೆಲ್ಲ ಹೌದೌದು ಅಂದರು. ಅಮ್ಮ ಅಳುತ್ತಿದ್ದರೋ ನಗುತ್ತಿದ್ದರೋ ನನಗೆ ಕೆಳಗಿನಿಂದ ಗೊತ್ತಾಗಲಿಲ್ಲ. ಅಪ್ಪ ಮೆಲ್ಲಗೆ, ಹಾಗಾದರೆ ಮುಂದಿನ ಮಾತು ಹೇಗೆ ಎಂದು ಕೇಳಿದರು.

"ಲಗ್ನ ಈಗ್ಲೇ ಬ್ಯಾಡ," ಅಂದರು ಅಜ್ಜಿ ಮಂಡಿ ಹಿಡಿದುಕೊಂಡು ಏಳುತ್ತಾ. "ತಾಳಿ ಕಟ್ಟೋಕೆ ಎರಡು ಕೈ ಬೇಕು."

ನಾನು ಗುಂಡಿಯಲ್ಲಿ ಮಲಗಿಕೊಂಡೇ ಹೂಂ ಅಂದೆ.